ಥೂ ಸಿಸ್ಟರ್

ಲಕ್ವ ಹೊಡೆದವರ ವಾರ್ಡು ಆಸ್ಪತ್ರೆಯ ಎರಡನೇ ಮಹಡಿಯಲ್ಲಿತ್ತು. ಅದನ್ನು ನೋಡಿಕೊಳ್ಳುತ್ತಿದ್ದ ದೊಡ್ಡ ಸಿಸ್ಟರನ್ನು ಎದುರಿಗೆ ಎಲ್ಲರೂ ಸಿಸ್ಟರ್ ಅನ್ನುತ್ತಿದ್ದರು, ಬೆನ್ನ ಹಿಂದೆ ಥೂ ಸಿಸ್ಟರ್. ಹೆಸರಿಟ್ಟವರು ಯಾರೋ ಗೊತ್ತಿಲ್ಲ, ಆದರೆ ಸುಳ್ಳು ಹೆಸರೇನೂ ಅಲ್ಲ. ಬೆಳಿಗ್ಗೆ ವಾರ್ಡಿನ ಬಾಗಿಲು ತಳ್ಳಿಕೊಂಡು ಒಳಗೆ ಕಾಲಿಟ್ಟ ಕೂಡಲೇ ಆಕೆಯ ಮೂಗು ಒಂದು ಸಲ ಮುದುರಿಕೊಳ್ಳುತ್ತಿತ್ತು, ಆಮೇಲೆ ತುಟಿಯಿಂದ ಆ ಒಂದು ಅಕ್ಷರ ಹೊರಗೆ ಬೀಳುತ್ತಿತ್ತು. ಅಷ್ಟು ಕೇಳಿದರೆ ಸಾಕು, ಗುಡಿಸುವವಳಿಂದ ಹಿಡಿದು ಹೊಸದಾಗಿ ಸೇರಿದ ಡಾಕ್ಟರವರೆಗೆ ಎಲ್ಲರೂ ಏನೋ ಕೆಲಸವಿದ್ದವರ ಹಾಗೆ ಅತ್ತ ಇತ್ತ ಸರಿದುಬಿಡುತ್ತಿದ್ದರು.

ಹೇಸಿಗೆಪಡುವುದಕ್ಕೆ ಅಲ್ಲಿ ಬೇಕಾದಷ್ಟಿತ್ತು, ಅದನ್ನೂ ಹೇಳಿಬಿಡಬೇಕು. ವಾರ್ಡಿನ ಕೆಲಸದವರು ಅಂಗಾತ ಮಲಗಿದ ಮನುಷ್ಯನ ಬಾಯಿಗೆ ಹಾಗೇ ಗಂಜಿ ಸುರಿಯುವುದು, ಅವನು ಕೆಮ್ಮಿ ಕೆಮ್ಮಿ ನೀಲಿಯಾದರೆ ‘ಊಟ ಬೇಡವಂತೆ’ ಅಂತ ತಟ್ಟೆ ಎತ್ತಿಕೊಂಡು ಹೋಗುವುದು. ಸತ್ತ ತೋಳನ್ನೇ ಹಿಡಿದು ದರದರ ಎಳೆದು ಕೂರಿಸುವುದು, ಭುಜದ ಕೀಲು ಜಾರಿತು ಅಂದರೆ ಅದು ಮೊದಲೇ ಹಾಗಿತ್ತು ಅನ್ನುವುದು. ಎಡಗಡೆ ಏನಿದೆಯೆಂಬ ಅರಿವೇ ಇಲ್ಲದ ಮುದುಕಿಯ ಎಡಗಡೆಗೇ ನೀರಿನ ಲೋಟ ಇಟ್ಟು, ಕುಡಿಯುವುದಿಲ್ಲ, ಮಹಾ ಹಟ ಅಂತ ದೂರುವುದು. ಮನೆಯವರಾದರೂ ಕಡಿಮೆಯೇ? ಬಾಯಿ ಸೊಟ್ಟಗಾದವನನ್ನು ‘ಒಂದು ನಿದ್ದೆ ಮಾಡಿ ಎದ್ದರೆ ಸರಿಹೋಗುತ್ತೆ’ ಅಂತ ಹೊದಿಸಿ ಮಲಗಿಸಿ, ಮಾರನೇ ದಿನ ಕಟ್ಟಿಗೆಯಾದ ಮೇಲೆ ಹೊತ್ತುಕೊಂಡು ಬರುವವರೇ ಎಲ್ಲ. ಬಂದು ಆಕೆಯ ಕೈ ಹಿಡಿದು, ಏನಾದರೂ ಮಾಡಿ ಸಿಸ್ಟರ್ ಅಂತ ಅಳುವುದು. ಏನು ಮಾಡುವುದು, ನಿಮ್ಮ ತಲೆ.

ಇಂಥದ್ದೆಲ್ಲ ಹೋಗಲಾಡಿಸಬೇಕೆಂದೇ ಆಕೆ ವಾರಕ್ಕೊಂದು ತರಗತಿ ನಡೆಸುತ್ತಿದ್ದರು. ಆಸ್ಪತ್ರೆಯ ಅಷ್ಟೂ ಮಹಡಿಯ ನರ್ಸುಗಳು, ಅಟೆಂಡರುಗಳು ಕೆಳಗಿನ ಸಭಾಂಗಣದಲ್ಲಿ ಕೂರಬೇಕು. ಪಾಠ ಬಹಳ ಸುಲಭ. ಬಾಯಿ ಒಂದು ಕಡೆಗೆ ವಾಲಿದೆಯಾ, ಎತ್ತಿದ ತೋಳು ತಾನಾಗಿ ಕೆಳಗಿಳಿಯುತ್ತದಾ, ಮಾತು ತೊದಲುತ್ತದಾ. ಮೂರರಲ್ಲಿ ಒಂದು ಕಂಡರೂ ಗೋಡೆಯ ಮೇಲಿನ ಕೆಂಪು ಬೆಲ್ ಒತ್ತಬೇಕು. ಒತ್ತಿದರೆ ಯಾವ ಮಹಡಿಯಾದರೂ ಸರಿ, ದೊಡ್ಡ ಸಿಸ್ಟರು ಡಾಕ್ಟರನ್ನು ಕರೆದುಕೊಂಡು ಓಡಿ ಬರುತ್ತಾರೆ. ಬೇಗ ಬಂದರೆ ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಇದೆ. ತಡವಾದರೆ ಅದನ್ನು ಕೊಡುವ ಹಾಗಿಲ್ಲ, ಹೋದದ್ದು ಹೋದ ಹಾಗೇ.

ಕೇಳುವವರು ಬಿಸ್ಕತ್ತು ತಿನ್ನುತ್ತಿದ್ದರು. ಒಬ್ಬರ ತೋಳು ಒಬ್ಬರು ಎತ್ತಿ ನೋಡಿ ಅಂದರೆ ಕಿಸಕ್ಕನೆ ನಗುತ್ತಿದ್ದರು. ಹಿಂದಿನ ಸಾಲಿನವರು ಫೋನಿನಲ್ಲಿ ಮುಳುಗಿರುತ್ತಿದ್ದರು. ನಾನು ಹೇಳುವುದು ಗೋಡೆಗೆ ಹೇಳಿದ ಹಾಗೆ, ಗೋಡೆಯಾದರೂ ಬಿಸ್ಕತ್ತಿನ ಪುಡಿ ಉದುರಿಸುವುದಿಲ್ಲ ಅಂತ ಆಕೆ ಅಂದದ್ದು ಉಂಟು. ಅವರ ಪಾಠದಲ್ಲಿ ತಪ್ಪು ಅನ್ನುವ ಒಂದು ಅಕ್ಷರವಿರಲಿಲ್ಲ. ಆ ಮುಖ ನೋಡಿಕೊಂಡು ಪಾಠ ಕಲಿಯುವುದೇ ಯಾರ ಕೈಲೂ ಆಗುತ್ತಿರಲಿಲ್ಲ.

ಆದರೂ ಒಬ್ಬ ಕಲಿತ. ಮೂರನೇ ಮಹಡಿಯ ಅಟೆಂಡರ್, ಹೊಟ್ಟೆಯ ದೆಸೆಯಿಂದ ಎಲ್ಲರ ಬಾಯಲ್ಲೂ ಗುಂಡಣ್ಣ. ದೊಡ್ಡ ಬುದ್ಧಿವಂತನೇನಲ್ಲ, ಕೆಲಸಗಳ್ಳತನದಲ್ಲಿ ಎತ್ತಿದ ಕೈ. ಒಂದು ಮಧ್ಯಾಹ್ನ ಯಾವುದೋ ಮುದುಕನ ಹಾಸಿಗೆ ಸರಿಮಾಡಲು ಹೋದವನು, ಬಾಯಿ ಒಂದು ಕಡೆಗೆ ಕುಸಿದದ್ದು ಕಂಡು, ಪಾಠ ನೆನಪಾಗಿ, ಬೆಲ್ ಒತ್ತಿಬಿಟ್ಟ. ಸಿಸ್ಟರು ಬಂದರು, ಡಾಕ್ಟರು ಬಂದರು, ಗಾಲಿಮಂಚ ಬಂತು, ಕೆಳಗೆ ಸ್ಕ್ಯಾನ್ ಕೋಣೆಯಲ್ಲಿದ್ದ ರೋಗಿಯನ್ನು ಎಬ್ಬಿಸಿ ಹೊರಗೆ ಕೂರಿಸಿದರು. ಇಷ್ಟಾಗುವಾಗ ಮುದುಕ ಕಣ್ಣು ಬಿಟ್ಟು, ಏನು ಗಲಾಟೆ ಅಂತ ಕೇಳಿದ. ಹಲ್ಲಿನ ಸೆಟ್ಟು ತೆಗೆದು ಒಂದು ಕಡೆಗೆ ಒರಗಿ ಮಲಗಿದ್ದನಷ್ಟೆ.

ಬೇರೆ ಯಾರಾದರೂ ಆಗಿದ್ದರೆ ನಕ್ಕು ಹೋಗುತ್ತಿದ್ದರು. ಸಿಸ್ಟರು ಲೋಟದಲ್ಲಿದ್ದ ಹಲ್ಲನ್ನು ಗುಂಡಣ್ಣನ ಮೂಗಿನ ಹತ್ತಿರ ಹಿಡಿದು, ಇಡೀ ವಾರ್ಡು ಕೇಳುವ ಹಾಗೆ ಹೇಳಿದರು.

“ಥೂ. ಇನ್ನು ಮೇಲೆ ಈ ಡಾಕ್ಟರ್ ಸಾಹೇಬರ ಅಪ್ಪಣೆ ಆದ ಮೇಲೇ ನಾವೆಲ್ಲ ಉಸಿರಾಡೋಣ.”

ವಾರ್ಡಿಗೆ ವಾರ್ಡೇ ನಕ್ಕಿತು. ಗುಂಡಣ್ಣನೂ ನಕ್ಕ, ಆದರೆ ಕಿವಿ ಕೆಂಪಗಾಗಿತ್ತು. ಅಂದಿನಿಂದ ಅವನಿಗೆ ಡಾಕ್ಟರ್ ಸಾಹೇಬ ಅನ್ನುವ ಹೆಸರು ಅಂಟಿಕೊಂಡಿತು, ಕ್ಯಾಂಟೀನಿನಲ್ಲಿ ಟೀ ಕೊಡುವವನೂ ಸಲಾಮು ಹೊಡೆಯುತ್ತಿದ್ದ. ಆಮೇಲೆ ಬಹಳ ಕಾಲ ಮೂರನೇ ಮಹಡಿಯ ಬೆಲ್ ಕೂಗಲಿಲ್ಲ. ನೋಡಿದಿರಾ, ಒಂದು ಮಂಗಳಾರತಿ ಎತ್ತಿದ್ದಕ್ಕೆ ಸುಮ್ಮನೆ ಓಡಿಸುವುದು ನಿಂತುಹೋಯಿತು ಅಂತ ಸಿಸ್ಟರಿಗೆ ಒಳಗೊಳಗೇ ಸಮಾಧಾನವೂ ಆಯಿತು.

ಇಂಥ ಸಿಸ್ಟರನ್ನು ಸುಮ್ಮನಿರಿಸುವ ತಾಕತ್ತು ಲೋಕದಲ್ಲಿ ಒಬ್ಬರಿಗಿತ್ತು, ಅದು ಅವರ ಅಕ್ಕ. ಲಾಂಡ್ರಿಯ ಮೇಲಿನ ಎರಡು ಕೋಣೆಯಲ್ಲಿ ಇಬ್ಬರದೇ ಸಂಸಾರ, ಹಿಂದೆ ಮುಂದೆ ಯಾರೂ ಇಲ್ಲ. ಅಕ್ಕ ಅಂಚೆ ಕಚೇರಿಯ ಕಿಟಕಿಯಲ್ಲಿ ಕೂತು ಜೀವಮಾನವಿಡೀ ಊರಿಗೆಲ್ಲ ಸ್ಟಾಂಪು ಮಾರಿ ನಿವೃತ್ತಿಯಾದವರು. ಮಾತು ಅಂದರೆ ಪ್ರಾಣ. ಬೆಕ್ಕಿನ ಹತ್ತಿರವೂ ಯೋಗಕ್ಷೇಮ ವಿಚಾರಿಸುವ ಹೆಂಗಸು. ತಂಗಿ ಮನೆಗೆ ಬಂದು ಚಪ್ಪಲಿ ಬಿಡುತ್ತಲೇ ವಾರ್ಡಿನ ಹೊಲಸನ್ನೆಲ್ಲ ಕಾರತೊಡಗಿದರೆ, ಅಕ್ಕ ಕಾಫಿ ಲೋಟ ಮುಂದಿಟ್ಟು ಕಾಡಿಸುತ್ತಿದ್ದರು. “ನಿನ್ನ ಬಾಯಿಂದ ಆ ಥೂ ಒಂದನ್ನ ಕಿತ್ತುಕೊಂಡರೆ ನಿನಗೆ ಬೇರೆ ಮಾತೇ ಇಲ್ಲವಲ್ಲೇ. ಆಮೇಲೆ ಮೂಗಿ ಆಗ್ತೀಯ ನೋಡು.” ತಂಗಿ ಮುಸಿಮುಸಿ ನಗುತ್ತಿದ್ದರು. ದಿನದಲ್ಲಿ ಆಕೆ ನಗುತ್ತಿದ್ದದ್ದು ಅದೊಂದೇ ಸಲ.

ಅಕ್ಕನಿಗೆ ಸಕ್ಕರೆ ಕಾಯಿಲೆ. ಕಾಲಿನಲ್ಲಿ ಒಂದು ಹುಣ್ಣು ವಾಸಿಯಾಗದೆ ಕಾಡುತ್ತಿತ್ತು. ದಿನಾ ಡ್ರೆಸ್ಸಿಂಗ್ ಆಗಬೇಕು, ಔಷಧಿ ನರಕ್ಕೇ ಕೊಡಬೇಕು ಅಂತ ತಂಗಿಯೇ ಮೂರನೇ ಮಹಡಿಗೆ ಸೇರಿಸಿದರು. ಅಕ್ಕ ಅಲ್ಲಿ ಎರಡೇ ದಿನದಲ್ಲಿ ಎಲ್ಲರ ಮನೆ ಕಥೆ ಬಲ್ಲವರಾದರು. ಸಿಸ್ಟರು ದಿನಾ ಮಧ್ಯಾಹ್ನ ಊಟದ ಹೊತ್ತಿಗೆ ಬಾಚಣಿಗೆ ಹಿಡಿದು ಮೇಲೆ ಹೋಗಿ, ಅಕ್ಕನ ತಲೆ ಬಾಚಿ ಜಡೆ ಹಾಕಿ ಬರುತ್ತಿದ್ದರು.

ಅವತ್ತೊಂದು ದಿನ ಮಾತ್ರ ಹೋಗಲಿಲ್ಲ. ಲಕ್ವದ ವಾರ್ಡಿಗೆ ಆದರ್ಶ ವಾರ್ಡು ಅನ್ನುವ ಪ್ರಮಾಣಪತ್ರ ಕೊಡುವುದಕ್ಕೆ ಪರೀಕ್ಷಕರು ಬಂದಿದ್ದರು. ಗೋಡೆಗೆ ಹೊಸ ಚಿತ್ರ, ಕಿಟಕಿಗೆ ಹೊಸ ಪರದೆ, ನರ್ಸುಗಳ ಮುಖದ ಮೇಲೆ ಹೊಸ ನಗು. ಕೆಳಗಿನ ಸಭಾಂಗಣದಲ್ಲಿ ಸಿಸ್ಟರು ಪಾಠ ಮಾಡಿ ತೋರಿಸಬೇಕಿತ್ತು. ಹೊತ್ತು ಕಳೆದಷ್ಟೂ ಮೆದುಳು ಸಾಯುತ್ತದೆ, ಕಂಡ ತಕ್ಷಣ ಬೆಲ್ ಒತ್ತಿ ಅಂತ ಆಕೆ ಮೈಕಿನಲ್ಲಿ ಒತ್ತಿ ಒತ್ತಿ ಹೇಳುತ್ತಿದ್ದಾಗ, ಮೇಲೆ ಅಕ್ಕನ ಕೈಯಿಂದ ಚಮಚ ಜಾರಿ ಬಿತ್ತು.

ಮೊದಲು ನೋಡಿದ್ದು ಪಕ್ಕದ ಹಾಸಿಗೆಯ ಹೆಂಗಸು. ಯಾಕೋ ಈ ಅಮ್ಮನ ಮಾತು ಒಂದಕ್ಕೊಂದು ಹೊಂದುತ್ತಿಲ್ಲ, ನೀರು ಬೇಕು ಅನ್ನುವುದಕ್ಕೆ ಕಿಟಕಿ ಬೇಕು ಅಂತಿದ್ದಾರೆ ಅಂತ ನರ್ಸಿಗೆ ಹೇಳಿದಳು. ಹೊಸ ನರ್ಸು ಚಿಕ್ಕ ಹುಡುಗಿ, ಬಂದು ನೋಡಿದಳು. ಸಕ್ಕರೆ ಇಳಿದಿರಬೇಕು ಅಂತ ಸಕ್ಕರೆ ನೀರು ಕುಡಿಸಿದಳು. ಅರ್ಧ ತುಟಿಯ ಅಂಚಿನಿಂದ ಸೋರಿ ದಿಂಬು ಒದ್ದೆಯಾಯಿತು. ತರಗತಿಯ ಪಾಠ ಅವಳಿಗೆ ನೆನಪಾಯಿತು, ಅದೂ ನಿಜ. ಬೆಲ್ಲಿನ ಹತ್ತಿರ ಹೋಗಿ ನಿಂತಳು ಕೂಡ. ಸಕ್ಕರೆ ಇಳಿದದ್ದೇ ಆಗಿದ್ದರೆ, ಪರೀಕ್ಷಕರ ಎದುರಿನಿಂದ ಎಬ್ಬಿಸಿ ಕರೆಸಿದೆಯಾ ಅಂತ ಸಿಸ್ಟರು ಸಿಗಿದು ಹಾಕುತ್ತಾರೆ ಅನ್ನಿಸಿತು. ಬಾಯಿ ಒರೆಸಿ, ಪರದೆ ಎಳೆದು, ಸುಸ್ತಾಗಿದೆ ಪಾಪ, ಮಲಗಲಿ ಅಂತ ಹೊರಟುಹೋದಳು.

ಆಮೇಲೆ ಗುಂಡಣ್ಣ ನೆಲ ಒರೆಸಲು ಬಂದ. ಪರದೆ ಸರಿಸಿದವನು ಆ ಮುಖ ಕಂಡ. ಹಲ್ಲಿನ ಸೆಟ್ಟು ಇಟ್ಟಿದ್ದಾರಾ ಅಂತ ಲೋಟದಲ್ಲಿ ಇಣುಕಿ ನೋಡಿದ. ಲೋಟದಲ್ಲಿ ನೀರು ಮಾತ್ರ ಇತ್ತು. ಮತ್ತೊಮ್ಮೆ ಮುಖ ನೋಡಿದ. ನೆಲ ಒರೆಸಿದ. ಬಕೆಟ್ ಎತ್ತಿಕೊಂಡು ಹೋದ.

ಪ್ರಮಾಣಪತ್ರ ಬಂತು. ಫೋಟೋ ತೆಗೆಸಿಕೊಂಡು, ಕೈ ಕುಲುಕಿಸಿಕೊಂಡು, ಹೊತ್ತು ಇಳಿದ ಮೇಲೆ ಸಿಸ್ಟರು ಬಾಚಣಿಗೆ ಹಿಡಿದು ಮೇಲೆ ಬಂದರು. ಪರದೆ ಸರಿಸಿದರು. ಅವರು ಬೆಲ್ ಒತ್ತಿದ ರಭಸಕ್ಕೆ ಗುಂಡಿ ಒಳಗೇ ಸಿಕ್ಕಿಹಾಕಿಕೊಂಡು ಅದು ಕೂಗುತ್ತಲೇ ಉಳಿಯಿತು. ಸ್ಕ್ಯಾನ್ ಆಯಿತು, ಓಡಾಟವಾಯಿತು, ಡಾಕ್ಟರು ಗಡಿಯಾರ ನೋಡಿ ತಲೆ ತಗ್ಗಿಸಿದರು. ಇಂಜೆಕ್ಷನ್ ಕೊಡುವ ಹೊತ್ತು ಮೀರಿಹೋಗಿತ್ತು. ಈ ಮಾತನ್ನು ಎಷ್ಟು ಮನೆಯವರಿಗೆ ಆಕೆಯೇ ಹೇಳಿದ್ದರೋ, ಅದೇ ದನಿಯಲ್ಲಿ ಡಾಕ್ಟರು ಆಕೆಗೆ ಹೇಳಿದರು.

ಅಕ್ಕ ಬದುಕಿದರು. ಬಲಗೈ ಹೋಯಿತು, ಮಾತು ಬಿದ್ದುಹೋಯಿತು.

ಯಾರು ಯಾರು ಕಂಡಿದ್ದರು ಅನ್ನುವುದು ನಿಧಾನವಾಗಿ ಹೊರಗೆ ಬಂತು. ನರ್ಸು ಹುಡುಗಿ ಅತ್ತು ಕರೆದು ಬೇರೆ ಮಹಡಿಗೆ ಹೋದಳು. ಸಿಸ್ಟರು ಗುಂಡಣ್ಣನನ್ನು ಮೆಟ್ಟಿಲ ತಿರುವಿನಲ್ಲಿ ಹಿಡಿದು ನಿಲ್ಲಿಸಿದರು. ಅವನನ್ನು ಸೀಳಿ ಹಾಕುವಷ್ಟು ಸಿಟ್ಟಿತ್ತು. ಕಂಡಿದ್ದೂ ಯಾಕೆ ಒತ್ತಲಿಲ್ಲ ಅಂತ ಕೇಳಿದರು. ಗುಂಡಣ್ಣ ಬಕೆಟ್ ಕೆಳಗಿಟ್ಟ. ಒರೆಸುವ ಬಟ್ಟೆಯನ್ನು ಹಿಂಡಿದ, ಅದರಲ್ಲಿ ನೀರೇ ಇರಲಿಲ್ಲ.

“ಒತ್ತಿದ್ರೆ ನೀವು ಬರ್ತಿದ್ರಲ್ಲ, ಸಿಸ್ಟರ್,” ಅಂದ.

ಸಿಸ್ಟರಿಗೆ ಇಷ್ಟು ವರ್ಷ ಯಾರ್ಯಾರ ಮೇಲೋ ಪಟ್ಟ ಹೇಸಿಗೆಯೆಲ್ಲ ಒಂದೇ ಸಲ ತಮ್ಮ ಮೇಲೇ ತಿರುಗಿ ಬಂದ ಹಾಗಾಯಿತು. ಕೆಳಗೆ ಹೋಗಿ ಕೈ ತೊಳೆಯುವ ತೊಟ್ಟಿಯಲ್ಲಿ ವಾಂತಿ ಮಾಡಿದರು. ತೊಳೆದು, ಮುಖ ಒರೆಸಿಕೊಂಡು ಎದ್ದರೆ ಮೇಲಿನ ಕನ್ನಡಿಯಲ್ಲಿ ಎಲ್ಲರೂ ನೋಡಿ ಹೆದರುವ ಆ ಮೂಗು, ಆ ತುಟಿ. ಅದನ್ನು ಅಷ್ಟು ಹತ್ತಿರದಿಂದ ನೋಡುವುದು ಆಕೆಗೂ ಕಷ್ಟವಾಯಿತು.

ಅಕ್ಕನನ್ನು ಮನೆಗೆ ಕರೆದುಕೊಂಡು ಹೋದ ಮೇಲೆ ಒಂದು ಬೆಳಿಗ್ಗೆ, ಹಲ್ಲುಜ್ಜಿಸುವಾಗ, ಅವರ ಬಾಯಿಂದ ಮೊದಲ ಮಾತು ಹೊರಟಿತು. ಥೂ. ಸಿಸ್ಟರು ಬೆಚ್ಚಿಬಿದ್ದರು. ಮಾತು ಕಲಿಸಲು ಬರುತ್ತಿದ್ದ ಹುಡುಗಿ ವಿವರಿಸಿದಳು. ಇದು ಹೀಗಾಗುವುದುಂಟು, ಇದ್ದ ಮಾತೆಲ್ಲ ಹೋಗಿ ಯಾವುದೋ ಒಂದು ಉಳಿದುಬಿಡುತ್ತದೆ, ಬಯ್ಗುಳವೇ ಉಳಿಯುವುದು ಜಾಸ್ತಿ, ಬೇಕೆಂದು ಅನ್ನುವುದಲ್ಲ. ಸಿಸ್ಟರಿಗೆ ಇದೇನು ಹೊಸದೇ? ತರಗತಿಯಲ್ಲಿ ತಾವೇ ಹೇಳಿದ ಪಾಠ. ಆದರೆ ಬಾಳಿನಲ್ಲಿ ಒಂದು ದಿನವೂ ಯಾರಿಗೂ ಥೂ ಅನ್ನದ ಬಾಯಿ ಅದು. ಆ ಮಾತು ಅಲ್ಲಿಗೆ ಎಲ್ಲಿಂದ ಹೋಗಿ ಕೂತಿತು ಅಂತ ಬೇರೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಆಮೇಲೆ ಎಲ್ಲದಕ್ಕೂ ಅದೇ. ಹಸಿವಾದರೆ ಥೂ, ಬೆಕ್ಕು ಬಂದರೆ ಥೂ, ಬಿಸಿಲು ಬಿದ್ದು ಹಿತವಾದರೆ ನಗುನಗುತ್ತಾ ಥೂ. ಹಗಲು ನೋಡಿಕೊಳ್ಳಲು ಬಂದ ಕೆಲಸದಾಕೆ, ಸೇವೆ ಮಾಡಿಸಿಕೊಂಡು ಉಗೀತಾರಲ್ಲ ಅಂತ ಮುನಿಸಿಕೊಂಡು ಹೊರಟಳು. ಸಿಸ್ಟರು ಅವಳನ್ನು ಕೂರಿಸಿ ಸಮಾಧಾನವಾಗಿ ತಿಳಿಸಿ ಹೇಳಿದರು. ಹಾಗೆ ಸಮಾಧಾನವಾಗಿ ಯಾರಿಗಾದರೂ ಏನಾದರೂ ತಿಳಿಸಿ ಹೇಳಿದ್ದು ಬಹುಶಃ ಅದೇ ಮೊದಲು. ಕೆಲಸದಾಕೆ ಉಳಿದಳು.

ತರಗತಿ ನಿಲ್ಲಲಿಲ್ಲ. ಬಿಸ್ಕತ್ತೂ ನಿಲ್ಲಲಿಲ್ಲ, ಹಿಂದಿನ ಸಾಲಿನವರು ಈಗಲೂ ಫೋನು ನೋಡುತ್ತಾರೆ. ಅದನ್ನು ಕಂಡರೆ ಸಿಸ್ಟರಿಗೆ ಈಗಲೂ ಮೈ ಉರಿಯುತ್ತದೆ. ಆದರೆ ಪಾಠ ಶುರುವಾಗುವ ಮೊದಲು ಅಕ್ಕನ ಕಥೆ ಹೇಳುತ್ತಾರೆ, ಗುಂಡಣ್ಣನ ಉತ್ತರವನ್ನೂ ಬಿಡದೆ ಹೇಳುತ್ತಾರೆ. ತಪ್ಪಾಗಿ ಒತ್ತಿದರೆ ಬಯ್ಯುವವರ ಮೇಲೆ ದೂರು ಕೊಡಿ, ಅದು ನಾನೇ ಆದರೂ ಕೊಡಿ ಅನ್ನುತ್ತಾರೆ. ಆಗ ಫೋನುಗಳು ಸ್ವಲ್ಪ ಹೊತ್ತು ಕೆಳಗಿಳಿಯುತ್ತವೆ.

ಒಂದು ದಿನ ಮಧ್ಯಾಹ್ನ ಮೂರನೇ ಮಹಡಿಯ ಬೆಲ್ ಕೂಗಿತು. ಸಿಸ್ಟರು ಕೈಯಲ್ಲಿದ್ದ ಅನ್ನ ಬಿಟ್ಟು ಮೆಟ್ಟಿಲು ಹತ್ತಿ ಓಡಿದರು. ಒತ್ತಿದವನು ಗುಂಡಣ್ಣ. ರೋಗಿಯೊಬ್ಬ ತೋಳು ಎತ್ತಲಾಗುತ್ತಿಲ್ಲ ಅಂದಿದ್ದನಂತೆ. ಡಾಕ್ಟರು ನೋಡಿದರು. ಕೈಯನ್ನು ತಲೆಯಡಿಗೆ ಇಟ್ಟು ಮಲಗಿ ಜೋಮು ಹಿಡಿದಿತ್ತು, ಅಷ್ಟೆ. ನೋಡುತ್ತಿದ್ದ ಹಾಗೇ ಅವನು ಎರಡೂ ಕೈ ಎತ್ತಿ ಆಕಳಿಸಿದ.

ವಾರ್ಡಿನಲ್ಲಿದ್ದ ಎಲ್ಲರ ಕಣ್ಣೂ ಸಿಸ್ಟರ ಬಾಯಿಯ ಮೇಲೆ. ಗುಂಡಣ್ಣ ಬಕೆಟಿನ ಹಿಡಿ ಬಿಗಿಯಾಗಿ ಹಿಡಿದು ನಿಂತಿದ್ದ. ಆ ಅಕ್ಷರ ತುಟಿಯ ತುದಿಗೆ ಬಂತು, ಅದರ ರುಚಿಯೂ ನಾಲಿಗೆಗೆ ತಾಗಿತು. ಸಿಸ್ಟರು ಉಗುಳು ನುಂಗಿದರು.

“ಒತ್ತಿದ್ದು ಸರಿ,” ಅಂದರು. “ನಾಳೆನೂ ಒತ್ತು.”

ಸಂಜೆ ಮನೆಗೆ ಬಂದವರು ಚಪ್ಪಲಿ ಬಿಟ್ಟು, ಕಾಫಿ ಮಾಡಿ, ಅಕ್ಕನ ಎಡಗೈಗೆ ಲೋಟ ಹಿಡಿಸಿ, ಹಿಂದೆ ಕೂತು ತಲೆ ಬಾಚುತ್ತಾ ನಡೆದದ್ದೆಲ್ಲ ಹೇಳಿದರು. ನೋಡು, ಇವತ್ತು ಆ ಮಾತು ನುಂಗಿಬಿಟ್ಟೆ ಅಂದರು. ಅಕ್ಕ ಲೋಟ ಕೆಳಗಿಟ್ಟು, ಕಷ್ಟಪಟ್ಟು ತಿರುಗಿ, ತಂಗಿಯ ಮುಖವನ್ನು ಬಹಳ ಹೊತ್ತು ನೋಡಿದರು.

ಥೂ ಅಂದರು.

ನಗಲಿಲ್ಲ, ಸಿಡುಕಲೂ ಇಲ್ಲ. ಇದು ಭೇಷ್ ಅನ್ನುವ ಥೂ ಆಗಿತ್ತೋ, ನಿಜವಾದ ಥೂ ಆಗಿತ್ತೋ ತಂಗಿಗೆ ತಿಳಿಯಲಿಲ್ಲ. ಕೇಳೋಣವೆಂದರೆ ಉತ್ತರವೂ ಅದೇ.