ತಟ್ಟೆಗೆ ಅಡ್ಡ ಹಿಡಿದ ಕೈ

ಫೋನು ಬಂದಾಗ ನಾನು ಹಿತ್ತಲಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದೆ. ಎರಡೂ ಕೈ ಅಂಟು. ಯಜಮಾನರೇ ಬಂದು ಫೋನನ್ನು ನನ್ನ ಕಿವಿಗೆ ಹಿಡಿದು ನಿಂತರು. ಮದುವೆಯಾದ ಮೇಲೆ ನನಗೋಸ್ಕರ ಅವರು ಅಷ್ಟು ಹೊತ್ತು ಒಂದೇ ಕಡೆ ಅಲ್ಲಾಡದೆ ನಿಂತದ್ದು ನನಗೆ ನೆನಪಿಲ್ಲ. ನಂಜುಂಡೇಶ್ವರ ಆ ದಿನ ಕೊಟ್ಟ ಮೊದಲ ಭಾಗ್ಯ ಅದೇ ಎಂದುಕೊಂಡೆ.

ಆ ಕಡೆಯಿಂದ ಮಾತಾಡಿದವಳು ಟಿ. ನರಸೀಪುರದ ವೃದ್ಧಾಶ್ರಮದ ಮೇಲ್ವಿಚಾರಕಿ. ನಮ್ಮ ಅತ್ತೆ ಅಲ್ಲಿದ್ದಾರೆ. ಅತ್ತೆ ಎಂದರೆ ಯಜಮಾನರ ತಾಯಿಯಲ್ಲ, ನನ್ನ ಅಪ್ಪನ ಅಕ್ಕ. ಮಕ್ಕಳಿಲ್ಲ. ಯಾರೂ ಕಳಿಸದೆ ತಾವೇ ಆ ಜಾಗ ಹುಡುಕಿಕೊಂಡು ಹೋಗಿ ಸೇರಿದವರು.

"ಮೇಡಂ, ಅಜ್ಜಿ ಸರಿಯಾಗಿ ಊಟಾನೇ ಮಾಡ್ತಿಲ್ಲ. ತೂಕ ಇಳೀತಾನೇ ಇದೆ. ಡಾಕ್ಟರು ನೋಡಿ, ಕಾಯಿಲೆ ಏನೂ ಇಲ್ಲ ಅಂದ್ರು. ಹೀಗೇ ಆದ್ರೆ ನಾವು ಇಟ್ಕೊಳ್ಳೋಕೆ ಆಗಲ್ಲ. ನೀವು ಮನೆಗೆ ಕರ್ಕೊಂಡು ಹೋಗಬೇಕಾಗುತ್ತೆ."

ಕರೆತರಲು ನನಗೇನೂ ಬೇಸರವಿಲ್ಲ. ಬೇಸರ ಅತ್ತೆಗೆ. ಹಿಂದೆ ಒಮ್ಮೆ ನಮ್ಮ ಮನೆಗೆ ಬಂದಿದ್ದಾಗ, "ಇಲ್ಲಿ ನಾನು ನೆಂಟಳು ಕಣೇ. ಅಲ್ಲಿ ಮಂಚ ನಂದು, ಬೀರು ನಂದು, ಜಗಳ ಆಡೋಕೆ ಒಬ್ಬಳು ಇದಾಳೆ" ಎಂದು ಬೇಗ ಹೊರಟುಬಿಟ್ಟಿದ್ದರು. ಜಗಳಕ್ಕೆ ಇರುವವರು ಮೂಗೂರಿನ ಕಡೆಯ ಅಜ್ಜಿ, ಅತ್ತೆಯ ಕೋಣೆಯ ಜೊತೆಗಾರ್ತಿ. ಇಬ್ಬರೂ ಮಧ್ಯಾಹ್ನ ಚೌಕಾಬಾರ ಆಡುತ್ತಾರೆ, ಇಬ್ಬರೂ ಮೋಸ ಮಾಡುತ್ತಾರೆ. ಆ ಮಂಚ ಬಿಡಿಸಿದರೆ ಅತ್ತೆಗೆ ಉಳಿಯುವುದೇನು?

ಕೈ ತೊಳೆದು, ಹುಣಸೆಹಣ್ಣಿನ ಮೇಲೆ ತೆಳು ಬಟ್ಟೆ ಮುಚ್ಚಿ, ದೇವರಿಗೆ ಕೈ ಮುಗಿದು ಹೊರಟೆ. ಹೆಂಗಸರಿಗೆ ಟಿಕೆಟ್ ಇಲ್ಲದ ಬಸ್ಸಿನಲ್ಲಿ ನೆರಳಿನ ಕಡೆ ಕಿಟಕಿಯ ಸೀಟು ಸಿಕ್ಕಿತು. ಇದನ್ನು ಫೋನ್ ಮಾಡಿ ಯಜಮಾನರಿಗೆ ಹೇಳಿದೆ. "ಸ್ವಾಮಿಗೆ ಬೇರೆ ಕೆಲಸ ಇಲ್ವೇನೇ, ನಿಂಗೆ ಸೀಟು ಹಿಡಿಯೋದು ಬಿಟ್ಟು?" ಎಂದರು. ಆಗಲಿ, ಯಾರೋ ಒಬ್ಬರು ಹಿಡಿಯಬೇಕಲ್ಲ.

ಇಂಥ ಜಾಗಕ್ಕೆ ಹೋದರೆ ನಾನು ಗೋಡೆಗೆ ಹೊಡೆದ ಬಣ್ಣ ನೋಡುವುದಿಲ್ಲ. ಕಾಲಿನ ಉಗುರು ನೋಡುತ್ತೇನೆ, ಕಿವಿಯ ಹಿಂಭಾಗ ನೋಡುತ್ತೇನೆ, ದಿಂಬಿನ ಚೀಲ ಮೂಸುತ್ತೇನೆ. ಅತ್ತೆಯ ಉಗುರು ಕತ್ತರಿಸಿತ್ತು. ತಲೆಗೆ ಎಣ್ಣೆ ಹಾಕಿ ಬಾಚಿತ್ತು. ದಿಂಬಿನಲ್ಲಿ ಬಿಸಿಲಿನ ವಾಸನೆ. ಬಚ್ಚಲಲ್ಲಿ ಹಿಡಿದುಕೊಳ್ಳಲು ಗಟ್ಟಿ ಕಂಬಿ. ನಿಜ ಹೇಳಬೇಕೆಂದರೆ ನಮ್ಮ ಮನೆಯಲ್ಲಿ ನನ್ನ ಉಗುರನ್ನು ಯಾರೂ ಇಷ್ಟು ವಿಚಾರಿಸಿಕೊಂಡಿಲ್ಲ. ಆದರೆ ಅತ್ತೆಯ ಬಳೆ ಮಾತ್ರ ಮೊಣಕೈವರೆಗೂ ಜಾರುತ್ತಿತ್ತು.

"ಯಾಕೆ ಬಂದ್ಯೇ, ಹಬ್ಬ ಇಲ್ಲ ಹುಣ್ಣಿಮೆ ಇಲ್ಲ?" ಎಂದರು ಅತ್ತೆ.

"ನಿಮ್ಮನ್ನ ನೋಡಬೇಕು ಅನ್ನಿಸ್ತು ಅತ್ತೆ. ಊಟ ಹೇಗಿದೆ ಇಲ್ಲಿ?"

"ಊಟಕ್ಕೇನು, ರುಚಿಯಾಗೇ ಮಾಡ್ತಾರೆ. ಬಡಿಸ್ತಾರೆ, ಹೋಗ್ತಾರೆ." ಆ 'ಹೋಗ್ತಾರೆ'ಯನ್ನು ಅವರು ಸ್ವಲ್ಪ ಎಳೆದರು. ನನಗೆ ಆಗ ಹೊಳೆಯಲಿಲ್ಲ.

ಮೂಗೂರಿನ ಅಜ್ಜಿ ಪಕ್ಕದ ಮಂಚದಿಂದ ಬಾಯಿ ಹಾಕಿದರು. "ಇವ್ರು ಉಣ್ಣೂದ ನೋಡವ್ವ ನೀನೇ. ಗುಬ್ಬಿ ತಿಂದಂಗೆ ತಿಂದ್ಬುಟ್ಟು ಎದ್ಬುಡ್ತಾರೆ. ಆಮೇಕೆ ಸಂಜೆಗಂಟ ನನ್ನ ಕಡ್ಲೆಪುರಿ ಡಬ್ಬಕ್ಕೆ ಕೈ ಆಕ್ತಾರೆ."

"ಒಂದು ಹಿಡಿ ಪುರಿಗೆ ಊರೆಲ್ಲ ಡಂಗುರ ಹೊಡಿ" ಎಂದರು ಅತ್ತೆ.

ಅಂದರೆ ಹಸಿವು ಇದೆ. ನನ್ನ ಎದೆಯಿಂದ ಅರ್ಧ ಭಾರ ಇಳಿಯಿತು.

ಮಧ್ಯಾಹ್ನದ ಊಟಕ್ಕೆ ಎಲ್ಲರೂ ಮೇಜಿನ ಮುಂದೆ ಕೂತರು. ಬಡಿಸುವ ಹೆಂಗಸು ಅನ್ನ, ಹುಳಿ, ಹುರುಳಿಕಾಯಿ ಪಲ್ಯ ಹಾಕಿಕೊಂಡು ಬಂದಳು. ಮೊದಲ ಸಲ ಹಾಕಿದ್ದು ಚಿಕ್ಕ ಸೌಟು. ಅತ್ತೆ ಅಷ್ಟನ್ನೂ ತಿಂದರು. ಎರಡನೆಯ ಸಲ ಅವಳು ಬರುತ್ತಿದ್ದಂತೆ ಅತ್ತೆ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದು, "ಬೇಡಮ್ಮ, ಬೇಡ, ಆಯ್ತು" ಎಂದರು. ಅವಳು, "ಆಯ್ತು ಅಜ್ಜಿ" ಎಂದು ಮುಂದೆ ಹೋದಳು. ಅತ್ತೆಯ ಕಣ್ಣು ಆ ಹುಳಿಯ ಬಕೆಟ್ಟಿನ ಹಿಂದೆಯೇ ಮೇಜಿನ ಕೊನೆಯವರೆಗೂ ಹೋಗಿ, ಖಾಲಿ ಕೈಯಲ್ಲಿ ವಾಪಸು ಬಂತು. ಪಕ್ಕದಲ್ಲಿ ಮೂಗೂರಿನ ಅಜ್ಜಿ ತಟ್ಟೆ ಎತ್ತಿ ಹಿಡಿದು, "ಇನ್ನೊಂಚೂರು ಆಕವ್ವ, ಪಲ್ಯಾನೂ ಆಕು" ಎಂದು ಹಾಕಿಸಿಕೊಂಡು ಸುಖವಾಗಿ ಉಣ್ಣುತ್ತಿದ್ದರು.

ಆಗ ಅರ್ಥವಾಯಿತು. ನಮ್ಮ ಅತ್ತೆ ಯಾರು ಎಂದುಕೊಂಡಿರಿ? ನಮ್ಮ ಕಡೆಯ ಯಾವ ಸಮಾರಾಧನೆಯಲ್ಲೂ ಅವರು ಸೌಟು ಹಿಡಿದು ಬಂದರೆ ಪಂಕ್ತಿಯಲ್ಲಿದ್ದವರಿಗೆ ನಡುಕ. ಬೇಡ ಎಂದವರ ಎಲೆಗೆ ಮೊದಲು ಹಾಕುವವರು. ಕೈ ಅಡ್ಡ ಹಿಡಿದರೆ ಬೆರಳ ಸಂದಿಯಲ್ಲಿ ಬಿಸಿ ಸಾರು. ಒಂದು ಸಲ ನಮ್ಮ ಯಜಮಾನರು ಹೋಳಿಗೆ ತಪ್ಪಿಸಿಕೊಳ್ಳಲು ಎಲೆಯ ಮೇಲೆ ಬಗ್ಗಿ ಕೂತಿದ್ದರು. ಹೋಳಿಗೆ ಅವರ ಬೆನ್ನಿನ ಪಕ್ಕದಿಂದ ದಾರಿ ಮಾಡಿಕೊಂಡು ಎಲೆ ಸೇರಿತು. ಅಂಥವರು ಒಂದು ಸಲ ಬೇಡ ಎಂದರೆ ಅದು ಊಟದ ಪೀಠಿಕೆ. ಇನ್ನೊಂದು ಸಲ ಕೇಳಲಿ, ಒತ್ತಾಯ ಮಾಡಲಿ, ಆಮೇಲೆ ಹಾಕಿಸಿಕೊಳ್ಳುವುದು ಮರ್ಯಾದೆ.

ನಾನು ಎದ್ದು ಆ ಹೆಂಗಸಿನ ಕೈಯಿಂದ ಅನ್ನದ ಪಾತ್ರೆ ತೆಗೆದುಕೊಂಡೆ. ಅತ್ತೆ ಮತ್ತೆ ಕೈ ಅಡ್ಡ ಹಿಡಿದರು.

"ಬೇಡ ಕಣೇ, ಹೊಟ್ಟೆ ತುಂಬಿದೆ."

"ಅದು ಹೇಗೆ ತುಂಬುತ್ತೆ? ನಾನು ನಂಜನಗೂಡಿಂದ ಬಸ್ಸಲ್ಲಿ ಬಂದಿರೋದು ನಿಮ್ಮ ಕೈ ನೋಡೋಕಲ್ಲ. ತೆಗೀರಿ. ನನ್ನಾಣೆ."

"ಆಣೆ ಗೀಣೆ ಯಾಕೆ ಹಾಕ್ತೀಯೆ" ಎಂದು ಗೊಣಗುತ್ತ ಕೈ ತೆಗೆದರು. ಅನ್ನ ಹಾಕಿದೆ, ಹುಳಿ ಹಾಕಿದೆ. ತಿಂದರು. ಮತ್ತೆ ಮಜ್ಜಿಗೆಗೆ ಅನ್ನ ಹಾಕಲು ಹೋದೆ, ಮತ್ತೆ ಅದೇ ನಾಟಕ, ಮತ್ತೆ ತಿಂದರು. ಮೂಗೂರಿನ ಅಜ್ಜಿ ತುತ್ತು ಕೈಯಲ್ಲೇ ಹಿಡಿದು ನೋಡುತ್ತಿದ್ದರು. "ಅಯ್ಯೋ ಸಿವನೆ, ಬೇಕು ಅನ್ನಕೆ ನಾಲ್ಗೆ ಸವೆದೋದದಾ ನಿಂಗೆ? ನನ್ನ ಪುರಿನಾರೂ ಉಳೀತಿತ್ತು."

"ಕೇಳಿ ಹಾಕಿಸ್ಕೊಳ್ಳೋಕೆ ನಾನೇನು ಛತ್ರಕ್ಕೆ ಬಂದಿದೀನಾ?" ಎಂದರು ಅತ್ತೆ, ಮಜ್ಜಿಗೆ ಹೀರುತ್ತ.

ಬಾಗಿಲಲ್ಲಿ ನಿಂತಿದ್ದ ಮೇಲ್ವಿಚಾರಕಿ ನನ್ನನ್ನು ಪಕ್ಕಕ್ಕೆ ಕರೆದಳು. ಪಾಪ, ಮುಖ ಸಣ್ಣಗಾಗಿತ್ತು. "ಮೇಡಂ, ಬೇಡ ಅಂದೋರಿಗೆ ಬಲವಂತ ಮಾಡಬಾರದು ಅಂತ ನಮ್ಗೆ ಟ್ರೈನಿಂಗಲ್ಲೇ ಹೇಳಿರೋದು. ಬಡಿಸೋರಿಗೂ ನಾನೇ ಅದನ್ನ ಕಲ್ಸಿದ್ದು."

"ಒಳ್ಳೇದನ್ನೇ ಕಲ್ಸಿದೀರಮ್ಮ. ಎಷ್ಟೋ ಕಡೆ ಬೇಕು ಅಂದ್ರೂ ಹಾಕಲ್ಲ."

"ಆದ್ರೆ ನಿಜವಾಗ್ಲೂ ಬೇಡ ಅನ್ನೋರೂ ಇರ್ತಾರಲ್ಲ, ಹೆಂಗೆ ಗೊತ್ತಾಗೋದು?"

ಅದು ನ್ಯಾಯವಾದ ಮಾತು. ನಾನು ನನ್ನ ಕೈಯನ್ನೇ ಚಾಚಿ ತೋರಿಸಿದೆ. ಬೆರಳು ಬಿಡಿಬಿಡಿಯಾಗಿದ್ದು ಕೈ ತಟ್ಟೆಯಿಂದ ಮೇಲಿದ್ದರೆ ಇನ್ನೊಮ್ಮೆ ಕೇಳಿ. ಬೆರಳು ಕೂಡಿಸಿ, ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡರೆ ಬಿಟ್ಟುಬಿಡಿ, ಅದು ನಿಜವಾದ ಬೇಡ. ಅವಳು ತಾನೂ ಕೈ ಚಾಚಿ, ಬೆರಳು ಬಿಡಿಸಿ, ಕೂಡಿಸಿ ನೋಡಿದಳು. ಬಡಿಸುವ ಹೆಂಗಸೂ ಸೇರಿಕೊಂಡಳು. ದೂರದಿಂದ ನೋಡಿದವರಿಗೆ ನಾವು ಮೂವರೂ ಭರತನಾಟ್ಯ ಕಲಿಯುತ್ತಿರುವಂತೆ ಕಂಡಿರಬೇಕು.

"ಕರ್ಕೊಂಡು ಹೋಗೋ ಮಾತು ಈಗ ಬೇಡ" ಎಂದಳು ಮೇಲ್ವಿಚಾರಕಿ. "ಸ್ವಲ್ಪ ದಿನ ಹೀಗೆ ನೋಡೋಣ. ಆಮೇಲೆ ತೂಕ ಹಾಕ್ತೀವಿ."

ಹೊರಡುವಾಗ ಅತ್ತೆಗೆ ನಮಸ್ಕಾರ ಮಾಡಿದೆ. ಯಾಕೆ ಬಂದಿದ್ದೆನೆಂದು ನಾನೂ ಹೇಳಲಿಲ್ಲ, ಅವರೂ ಮತ್ತೆ ಕೇಳಲಿಲ್ಲ. ಚೌಕಾಬಾರದ ಮನೆ ಆಗಲೇ ಬರೆದಾಗಿತ್ತು. ಆ ಊರಿನ ದೇವರು ಗುಂಜಾ ನರಸಿಂಹಸ್ವಾಮಿಗೆ ರಸ್ತೆಯಿಂದಲೇ ಕೈ ಮುಗಿದೆ. ವಾಪಸು ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಯಜಮಾನರು ಹೇಳಿದಂತೆ ಸ್ವಾಮಿಗೆ ಬೇರೆ ಕೆಲಸ ಇದ್ದಿರಬೇಕು.

ದೀಪ ಹಚ್ಚಿ ಏಳುವ ಹೊತ್ತಿಗೆ ಮತ್ತೆ ಫೋನು. ಮೇಲ್ವಿಚಾರಕಿಯೇ.

"ಮೇಡಂ, ಅಜ್ಜಿ ಸಂಜೆ ಉಪ್ಪಿಟ್ಟು ಎರಡನೇ ಸಲ ಹಾಕಿಸ್ಕೊಂಡ್ರು. ಆದ್ರೆ ಒಂದು ಕಂಪ್ಲೇಂಟು ಕೊಟ್ಟಿದಾರೆ."

"ಏನಂತೆ?"

"ಬಡಿಸೋರು ಬಹಳ ಒತ್ತಾಯ ಮಾಡ್ತಾರಂತೆ. ಆದ್ರೂ ಕೈಲಿ ಚುರುಕು ಸಾಲದಂತೆ. ನಾಳೆ ಅಡುಗೆಮನೆಗೆ ಬಂದು ಅವರೇ ಕಲಿಸಿ ಕೊಡ್ತಾರಂತೆ."

ಆ ಮನೆಯಲ್ಲಿರುವ ಮಿಕ್ಕ ಅಜ್ಜ ಅಜ್ಜಿಯರನ್ನು ದೇವರೇ ಕಾಪಾಡಬೇಕು ಎಂದುಕೊಂಡು ಫೋನು ಇಟ್ಟೆ. ಹುಣಸೆಹಣ್ಣು ಬಟ್ಟೆಯಡಿಯಲ್ಲಿ ಹಾಗೆಯೇ ಇತ್ತು, ಇರುವೆ ಹತ್ತಿರಲಿಲ್ಲ. ಉಳಿದ ಬೀಜ ಬಿಡಿಸಿ, ಕಲ್ಲುಪ್ಪು ಬೆರೆಸಿ, ಉಂಡೆ ಕಟ್ಟಿ ಭರಣಿಗೆ ತುಂಬಲು ಕೂತೆ.