ಅತ್ತೆ ಒಣಗಿಸಿದ ಹಪ್ಪಳ

ಜಯನಗರದಲ್ಲಿ ಹೆಂಗಸರಿಗೆಂದು ನಡೆದ ಮೂರು ದಿನದ ವ್ಯಾಪಾರ ತರಬೇತಿಗೆ ನಾನು ಹೋದದ್ದು ಒಂದೇ ಒಂದು ಮಾತು ಕಲಿಯಲಿಕ್ಕೆ: 'ನೀವು ಒಣಗಿಸಿದ ಹಪ್ಪಳ ಸರಿಯಿಲ್ಲ' ಎಂದು ಅತ್ತೆಗೆ ಹೇಳುವುದು ಹೇಗೆ?

ಕನಕಪುರದಾಚೆಯ ನಮ್ಮೂರಲ್ಲಿ ಹಪ್ಪಳದ ವ್ಯಾಪಾರ ನನ್ನ ಹೆಸರಿನಲ್ಲಿದೆ. ಏಳು ಹೆಂಗಸರು ಲಟ್ಟಿಸುತ್ತಾರೆ. ಆದರೆ 'ಒಣಗಿತು, ಕಟ್ಟಿ' ಎನ್ನಬೇಕಾದವರು ಅತ್ತೆ. ನಮಗೆಲ್ಲ ಕೆಲಸ ಕಲಿಸಿದವರೇ ಅವರು. ಸಕ್ಕರೆ ಕಾಯಿಲೆಯಿಂದ ಅವರ ಬೆರಳಿಗೆ ಜೋಮು ಹಿಡಿದು, ಹಸಿ ಯಾವುದು, ಒಣಗಿದ್ದು ಯಾವುದು ಎಂದು ಮುಟ್ಟಿದರೆ ತಿಳಿಯುತ್ತಿರಲಿಲ್ಲ. ಜಯನಗರದ ಅಂಗಡಿಯಿಂದ ಎರಡು ಸಲ ಬೂಷ್ಟು ಹಿಡಿದ ಪ್ಯಾಕೆಟ್ಟುಗಳು ವಾಪಸ್ ಬಂದವು. "ಅಂಗಡಿ ಗೋಡೆ ತೇವ ಅಂತೆ ಅತ್ತೆ" ಎಂದು ಸುಳ್ಳು ಹೇಳಿದೆ. ಇನ್ನೊಂದು ಸಲ ಹೀಗಾದರೆ ನಿಮ್ಮ ಸರಕೇ ಬೇಡ ಎಂದಿದ್ದರು ಅಂಗಡಿಯವರು. ನಮಗಿದ್ದದ್ದು ಅದೊಂದೇ ಅಂಗಡಿ.

ಎರಡು ದಿನ ಬ್ರ್ಯಾಂಡು, ಲೋಗೋ, ಆನ್‌ಲೈನ್ ಮಾರಾಟ ಎಂದೆಲ್ಲ ಕೇಳಿದೆ. ಮೂರನೇ ದಿನ ತಡೆಯಲಾರದೆ ಎದ್ದು ನಿಂತು ನನ್ನ ಪ್ರಶ್ನೆ ಕೇಳಿಯೇಬಿಟ್ಟೆ. ಹಾಲ್ ತುಂಬ ನಗು.

"ಫೀಡ್‌ಬ್ಯಾಕ್ ಕೊಡಿ ಅಮ್ಮ. ಮನೆ ಬೇರೆ, ಬಿಸಿನೆಸ್ ಬೇರೆ," ಎಂದರು ಪಾಠ ಮಾಡುವ ಮೇಡಂ.

ಬೇರೆಯಂತೆ! ಹಗಲು ಅವರ ಹಪ್ಪಳ ಪಕ್ಕಕ್ಕೆಸೆದು, ಸಂಜೆ ಅವರ ಕೈಯಿಂದಲೇ ಮುದ್ದೆ ಬಡಿಸಿಕೊಳ್ಳಬೇಕಾದವಳು ನಾನು. ಇವರಿಗೇನು ಗೊತ್ತು, ಮಣ್ಣಂಗಟ್ಟಿ!

ಊಟದ ಹೊತ್ತಿಗೆ ಅತ್ತೆಯ ಫೋನು. ದನಿ ತುಂಬ ಖುಷಿ. "ನೀನು ನಿಧಾನಕ್ಕೆ ಕಲ್ತ್ಕೊಂಡು ಬಾ ಕಣೇ. ಹಪ್ಪಳ ನಾನೇ ನೋಡಿ ಕಟ್ಸಿ ಬೆಳಗ್ಗೆ ಬಸ್ಸಿಗೆ ಹಾಕ್ಸಿದೀನಿ. ಅಂಗಡಿಗೆ ತಲುಪಿರ್ಬೇಕು."

ತಟ್ಟೆ ಬಿಟ್ಟು ಓಡಿದೆ. ನಾಲ್ಕನೇ ಬ್ಲಾಕಿನ ಜನಜಂಗುಳಿಯಲ್ಲಿ ಯಾರ್ಯಾರಿಗೋ ಡಿಕ್ಕಿ ಹೊಡೆದು, ಬೈಸಿಕೊಂಡು, ಅಂಗಡಿ ಸೇರುವಷ್ಟರಲ್ಲಿ ನಮ್ಮ ಹಪ್ಪಳದ ಡಬ್ಬ ಬಿಚ್ಚಿಯಾಗಿತ್ತು. ಅಂಗಡಿಯವರು ಒಂದು ಹಪ್ಪಳ ಎತ್ತಿ ನನ್ನೆದುರೇ ಮಡಿಸಿದರು. ಮುರಿಯಲಿಲ್ಲ. ಚಪಾತಿಯ ಹಾಗೆ ಮಡಚಿಕೊಂಡಿತು.

"ಸಾಕು ಬಿಡಮ್ಮ. ಇನ್ಮೇಲೆ ಕಳಿಸ್ಬೇಡಿ."

ಏಳು ಹೆಂಗಸರ ಹೊಟ್ಟೆಯ ಮೇಲೆ ಹೊಡೆಯಬೇಡಿ ಎಂದು ಕೈಮುಗಿದೆ, ಕಣ್ಣೀರಿಟ್ಟೆ. ಅವರು ಮುಂದಿನ ಗಿರಾಕಿಯ ಕಡೆ ತಿರುಗಿದರು.

ಫುಟ್‌ಪಾತಿನಲ್ಲಿ ಡಬ್ಬದ ಪಕ್ಕ ಕುಸಿದು ಕೂತು ಅತ್ತೆಗೆ ಫೋನು ಮಾಡಿದೆ. "ಹಪ್ಪಳ ಒಣಗಿಲ್ಲ ಅತ್ತೆ. ಹಿಂದಿನ ಎರಡ್ಸಲಾನೂ ಒಣಗಿರ್ಲಿಲ್ಲ. ಅಂಗಡಿ ಹೋಯ್ತು."

ಬೈಯಲಿ ಎಂದು ಕಾದೆ.

"ಜೋಮು ಹಿಡ್ದಿದ್ದು ನನ್ ಬೆರಳಿಗೆ," ಎಂದರು ಅತ್ತೆ. "ನಿನ್ ಬಾಯಿಗೇನಾಗಿತ್ತೇ?"