ನಾಲ್ಕನೆಯ ಕಾಲು

ಯಡ್ತರೆಯ ದೇವು ಆಚಾರಿ ಮಾಡಿಕೊಟ್ಟ ಮಂಚಗಳ ಮೇಲೆ ಅರ್ಧ ಬೈಂದೂರು ಮಲಗುತ್ತಿತ್ತು. ಅವನ ಹೆಂಡತಿ ವನಜ ಮಾತ್ರ ಮದುವೆಯಾದಾಗಿನಿಂದ ಚಾಪೆಯ ಮೇಲೆಯೇ.

ಹಾಗೆಂದು ಅವಳಿಗೆ ಮಂಚ ಇರಲಿಲ್ಲವೆಂದಲ್ಲ, ಗೋಡೆಯ ಮೇಲಿತ್ತು. ಮುಂಬೈಯ ಹಳೆ ಸಾಮಾನಿನ ಅಂಗಡಿಯಲ್ಲಿ ದುಡಿಯುತ್ತಿದ್ದ ಅವಳಪ್ಪ ತಂದುಕೊಟ್ಟ ಪಟ ಅದು, ಯಾವುದೋ ಕಾಲದ ವಿಲಾಯತಿ ಅಚ್ಚಿನ ಚಿತ್ರ. ಸಿಂಹಪಾದದ ಕಾಲುಗಳು, ತಲೆಯ ಕಡೆ ಬಳ್ಳಿ, ದ್ರಾಕ್ಷಿ, ಹಕ್ಕಿ, ಮೇಲಿಂದ ಇಳಿಬಿದ್ದ ಜಾಲರಿಯ ಪರದೆ. ಮದುವೆಯ ಹೊಸತರಲ್ಲಿ ವನಜ ಅಂಥದ್ದೇ ಮಂಚ ಕೇಳಿದ್ದಳು, ದೇವು ಎದೆಯುಬ್ಬಿಸಿ ಒಪ್ಪಿದ್ದ. ಆಮೇಲೆ ಊರವರ ಕೆಲಸ ಮೈಮೇಲೆ ಬಿತ್ತು, ಅವನಿಗೊಂದು ನೆವವೂ ಸಿಕ್ಕಿತು.

"ಪಟದಗೆ ಮೂರೇ ಕಾಲ್ ಕಾಂಬುದ್ ಹೆಣೆ. ನಾಲ್ಕನೇದ್ ಪರದೆ ಹಿಂದೆ ಇತ್ತ್. ಕಾಣ್ದೆ ಹ್ಯಾಂಗ್ ಕೆತ್ತುದ್?"

ಮೂರರಂತೆಯೇ ನಾಲ್ಕನೆಯದೂ ಎಂದು ಆಚಾರಿಯ ಮನೆಯ ಕೂಸಿಗೂ ಗೊತ್ತು. ವನಜಳಿಗೂ ಗೊತ್ತಿತ್ತು. ನಕ್ಕು ಚಾಪೆ ಬಿಡಿಸುತ್ತಿದ್ದಳು.

೨೦೦೮ರಲ್ಲಿ ಅವಳ ಹೊಟ್ಟೆಯ ಗಡ್ಡೆ ಕೈಮೀರಿತು. ಆಸ್ಪತ್ರೆಯವರು ಮನೆಗೆ ಕರೆದುಕೊಂಡು ಹೋಗಿ ಎಂದುಬಿಟ್ಟರು. ಬಂದವನೇ ದೇವು ಪಟವನ್ನು ಗೋಡೆಯಿಂದ ಇಳಿಸಿ, ಹಲಸಿನ ಮರಕ್ಕೆ ಉಳಿ ಹಚ್ಚಿದ. ಅನ್ನ ಬೇಡ, ನಿದ್ದೆ ಬೇಡ. ಉಳಿಯ ಸದ್ದು ನಿಂತರೆ ಒಳಗಿನ ನರಳಾಟ ಕೇಳುತ್ತಿತ್ತು, ನರಳಾಟ ನಿಂತರೆ ಅವನ ಜೀವವೇ ಬಾಯಿಗೆ ಬರುತ್ತಿತ್ತು. ಒಂದು ದಿನವಾದರೂ ಅವಳು ಇದರ ಮೇಲೆ ಮಲಗಲಿ ಎಂದು ದೇವರ ಹತ್ತಿರ ಗೋಗರೆದ. ಬಳ್ಳಿ ಬಂತು, ಹಕ್ಕಿ ಬಂತು, ಮೂರು ಸಿಂಹಪಾದ ಬಂದವು. ಅಷ್ಟರಲ್ಲಿ ವನಜಳಿಗೆ ಮೇಲುಸಿರು ಶುರುವಾಯಿತು. ಇನ್ನು ಕೆತ್ತಲು ಹೊತ್ತೆಲ್ಲಿ? ಬೋಳು ಮರದ ತುಂಡನ್ನೇ ನಾಲ್ಕನೆಯ ಕಾಲಾಗಿ ಬಡಿದು ಕೂರಿಸಿ, ಅವಳನ್ನು ಎತ್ತಿ ತಂದು ಮಲಗಿಸಿದ.

ವನಜ ಬದಿಯಿಂದ ಕೈ ಇಳಿಬಿಟ್ಟು ತಡವಿದಳು. ಕೈಗೆ ಸಿಕ್ಕಿದ್ದು ಆ ಬೋಳು ಕಾಲೇ.

"ನಂಗ್ ಇಷ್ಟೇ ಸಾಕಾತಿತ್ತ್" ಎಂದಳು.

ದೇವುವಿಗೆ ಅಳು ಒತ್ತರಿಸಿ ಬಂತು. ಅಳಲೂ ಪುರುಸೊತ್ತಿರಲಿಲ್ಲ, ಅವನ ಅಕ್ಕ ಹರಿಣಾಕ್ಷಿ ಆಗಲೇ ಪಕ್ಕದ ನೆಲದ ಮೇಲೆ ಚಾಪೆ ಹಾಸಿದ್ದಳು.

"ಇಳ್ಸಾ ತಮ್ಮ, ಬೇಗ. ಮಂಚದ್ ಮೇಲ್ ಜೀವ ಹೋಪುಕಾಗ."

"ಒಂದ್ ಗಳಿಗೆ ಅಕ್ಕ. ಈಗಷ್ಟೇ ಮಲ್ಗಿದ್ಳ್."

"ಅವ್ಳಿಗೆ ಗತಿ ಸಿಕ್ಕೂದ್ ಬ್ಯಾಡ್ದಾ?"

ದೇವು ಮಲಗಿಸಿದ ಕೈಯಿಂದಲೇ ಇಳಿಸಿದ. ವನಜ ಹೋದದ್ದು ಚಾಪೆಯ ಮೇಲೆಯೇ, ಆ ಬೋಳು ಕಾಲನ್ನು ಗಟ್ಟಿಯಾಗಿ ಹಿಡಿದುಕೊಂಡು. ಕೈ ಬಿಡಿಸಬೇಡಿ ಎಂದು ದೇವು ಬಂದವರೆಲ್ಲರ ಕಾಲು ಹಿಡಿದ. ಬಿಡಿಸಲೇಬೇಕಾಯಿತು.